ಅವರೆ ಎಣಿಸುವ ಕತ್ತಲು

ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿ ಬಿದ್ದಿದೆ. ಮಾರುವಾಕೆ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ತಂದಳು. “ಮೂಸಿ ನೋಡಿ ಸಾರ್, ಮಾಗಡೀದು, ಸೊಗಡು ಹೆಂಗೈತೆ!” ಆ ಸೊಗಡೆಲ್ಲ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡಿನದು, ಅದರಲ್ಲಿರುವುದು ಕೊಬ್ಬಿನಾಮ್ಲಗಳು. ಕಾಯಿ ಬಿಡಿಸಿದ ಬೆರಳನ್ನು ಸೋಪು ಹಚ್ಚಿ ತೊಳೆದರೂ ಸಂಜೆವರೆಗೆ ವಾಸನೆ ಉಳಿಯುತ್ತದೆ. ಉಳಿಯಲಿ ಎಂದೇ ನನ್ನ ಆಸೆ.

ಕಳೆದ ವರ್ಷ ಜಯನಗರದ ನಮ್ಮ ತಾರಸಿಯಲ್ಲೇ ಈ ಸೊಗಡು ಬೆಳೆಯಲು ಹೊರಟೆ. ಎರಡು ಗ್ರೋಬ್ಯಾಗು, ಒಂದೇ ಹೊಲದ ಬೀಜ, ಒಂದೇ ಮಣ್ಣು, ಒಂದೇ ಗೊಬ್ಬರ. ಊರಿದ್ದೂ ಆಷಾಢದ ಒಂದೇ ದಿನ. ನೀರಿನ ಟ್ಯಾಂಕಿನ ಹಿಂದಿದ್ದ ಬಳ್ಳಿ ದೀಪಾವಳಿ ಹೊತ್ತಿಗೆ ಹೂ ಹೊತ್ತು ನಿಂತಿತು. ರಸ್ತೆ ಕಡೆಯ ಮೋಟುಗೋಡೆ ಪಕ್ಕದ್ದು ಮಾತ್ರ ಎಲೆ ಮೇಲೆ ಎಲೆ. ಪಕ್ಕದ ಮನೆಯವರು “ಎಲೆ ಕೀಳಿ, ಹೂ ತಾನಾಗಿ ಬರುತ್ತೆ” ಎಂದರು. ಇನ್ನೊಬ್ಬರು ಪೊಟ್ಯಾಷ್ ಹಾಕಿ ಎಂದರು. ಒಂದು ರಾತ್ರಿ ಊಟ ಮುಗಿಸಿ ಮೇಲೆ ಹೋದಾಗ ಕಾರಣ ಎದುರಿಗೇ ಇತ್ತು: ಬೀದಿದೀಪದ ಬಿಳಿ ಬೆಳಕಿನಲ್ಲಿ ಆ ಬಳ್ಳಿಯ ಎಲೆಯ ನರಗಳನ್ನು ಎಣಿಸಬಹುದಿತ್ತು.

ಹೊಲದ ಅವರೆ ಹೂವಿಗೆ ಬರಬೇಕಾದರೆ ರಾತ್ರಿ ಉದ್ದವಾಗಬೇಕು. ಸುಮಾರು 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನದು ಸುಮಾರು 11 ಗಂಟೆ 20 ನಿಮಿಷ. ನಮ್ಮ ಅರಿವಿಗೇ ಬಾರದ ಈ ಒಂದೂವರೆ ಗಂಟೆ ಅವರೆಗೆ ಸಾಕು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹದಿನೈದು ದಿನ ಹಿಂದೆಮುಂದೆ ಬಿತ್ತಿದ ಅವರೆಗಳು ಹೆಚ್ಚುಕಮ್ಮಿ ಒಟ್ಟಿಗೇ ಹೂ ಬಿಡುವುದು ಇದರಿಂದಲೇ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳಲ್ಲಿ ತೋರಿಸಿಕೊಟ್ಟರು. ಗಿಡ ನಿಜವಾಗಿ ಅಳೆಯುತ್ತಿರುವುದು ಕತ್ತಲನ್ನು ಎಂಬುದು ಆಮೇಲೆ ಗೊತ್ತಾಯಿತು. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಕೆಂಪು ಬೆಳಕು ಬಿದ್ದರೂ ಲೆಕ್ಕ ತಪ್ಪುತ್ತದೆ. ಎಲೆಯೊಳಗಿನ ಫೈಟೋಕ್ರೋಮ್ ಆ ಬೆಳಕನ್ನು ಹಿಡಿಯುತ್ತದೆ. ಹೂ ಬಿಡು ಎಂಬ ಸುದ್ದಿಯೂ ಎಲೆಯಲ್ಲೇ ಹುಟ್ಟಿ ಕುಡಿಗೆ ಹರಿಯುತ್ತದೆ. ಎಲೆ ಕಿತ್ತಿದ್ದರೆ ಲೆಕ್ಕ ಬರೆಯುವವನನ್ನೇ ಮನೆಗೆ ಕಳಿಸಿದಂತಾಗುತ್ತಿತ್ತು.

ಬೆಂಗಳೂರಿನ ಸುತ್ತಲ ಸೇವಂತಿಗೆ ಬೆಳೆಗಾರರು ರಾತ್ರಿ ಹೊಲದಲ್ಲಿ ಸಾಲುಸಾಲು ಬಲ್ಬು ಉರಿಸುತ್ತಾರಲ್ಲ, ಅದು ಇದೇ ಗುಟ್ಟು. ಗಿಡ ಚೆನ್ನಾಗಿ ಬೆಳೆಯುವ ತನಕ ಮೊಗ್ಗನ್ನು ತಡೆದಿಡಲು ಅವರು ಬೆಳಕು ಕೊಡುತ್ತಾರೆ. ಅವರು ದುಡ್ಡು ಕೊಟ್ಟು ಉರಿಸುವ ದೀಪ ನನ್ನ ಅವರೆಗೆ ಬಿಟ್ಟಿಯಾಗಿ ಉರಿಯುತ್ತಿತ್ತು.

ಗೋಣಿತಾಟು ಕಟ್ಟಿದೆ, ಬೆಳಕು ನೂಲಿನ ಸಂದಿಯಲ್ಲಿ ನುಸುಳಿತು. ಕಪ್ಪು ಬಟ್ಟೆಯನ್ನು ಎರಡು ಮಡಿಕೆ ಮಾಡಿ ದೀಪದ ಕಡೆಗೆ ಪರದೆಯಂತೆ ಇಳಿಬಿಟ್ಟೆ. ದೀಪ ಹತ್ತುವ ಮೊದಲು ಹಾಕುವುದು, ಬೆಳಗಾದೊಡನೆ ತೆಗೆಯುವುದು. ಒಂದು ದಿನವೂ ತಪ್ಪಿಸಲಿಲ್ಲ. ಮೂರು ವಾರ ಕಳೆದ ಮೇಲೆ ಎಲೆಯ ಕಂಕುಳಲ್ಲಿ ಮೊಗ್ಗಿನ ಗೊಂಚಲು ಕಂಡಿತು.

ಇಷ್ಟು ಪಾಡು ಬೇಡವೆನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಎಚ್‌ಎ–3, ಎಚ್‌ಎ–4 ಹಗಲಿನ ಉದ್ದಕ್ಕೆ ಸೊಪ್ಪು ಹಾಕುವುದಿಲ್ಲ; ಯಾವ ತಿಂಗಳಲ್ಲಿ ಊರಿದರೂ ಹೂ ಬಿಡುತ್ತವೆ. ಗಿಡ್ಡ ಗಿಡ, ಚೀಲಕ್ಕೆ ಹೇಳಿಮಾಡಿಸಿದ್ದು. ಬೇಸಿಗೆಯಲ್ಲೂ ಉಪ್ಪಿಟ್ಟಿಗೆ ಅವರೆಕಾಳು ಬೀಳುತ್ತಿರುವುದು ಇವುಗಳ ಪುಣ್ಯ, ದೊಡ್ಡ ಕೆಲಸ ಅದು. ಆದರೂ ಹಿತಕಿದ ಬೇಳೆ ಸಾರಿಗೆ ನನ್ನ ನಾಲಿಗೆ ಕೇಳುವುದು ಚಳಿಗಾಲದ ಹೊಲದ ಅವರೆಯನ್ನೇ.

ಈ ಸಲ ಬೀಜ ಊರುವ ಮೊದಲು ಒಂದು ರಾತ್ರಿ ದಿನಪತ್ರಿಕೆ ಹಿಡಿದು ತಾರಸಿಯ ಮೂಲೆಮೂಲೆಯಲ್ಲೂ ನಿಂತು ನೋಡಿದೆ. ಅಕ್ಷರ ಓದಲು ಬಂದ ಜಾಗ ಬಸಳೆಗೆ ಹೋಯಿತು. ಅದಕ್ಕೂ ಹೂವಿಗೆ ಉದ್ದ ರಾತ್ರಿಯೇ ಬೇಕು, ನಮಗೆ ಬೇಕಾದದ್ದು ಎಲೆ. ತಲೆಬರಹವೂ ಕಾಣದ ಟ್ಯಾಂಕಿನ ಹಿಂದೆ ನಾಲ್ಕು ಚೀಲ ಅವರೆ ಇಟ್ಟೆ. ನಿನ್ನೆ ಬೆಳಗ್ಗೆ ಮೊದಲ ಕಾಯಿ ಕಿತ್ತು ಮೂಸಿದೆ. ಬೆರಳಿನಿಂದ ವಾಸನೆ ಇನ್ನೂ ಹೋಗಿಲ್ಲ.