ಕಪ್ಪು ಬಳಿದ ಸಾಲು

ಚಾಮರಾಜಪೇಟೆಯಲ್ಲಿ ನಾವು ಓದಿದ ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿ ಹೆಡ್‌ಮಿಸ್ಟ್ರೆಸ್ ಕೋಣೆಯ ಹೊರಗೆ ದೊಡ್ಡದೊಂದು ಮರದ ಹಲಗೆ ಇತ್ತು. ಪ್ರತಿ ವರ್ಷ ಆಟೋಟಗಳಲ್ಲಿ ಮೊದಲು ಬಂದವರ ಹೆಸರನ್ನು ಅದರ ಮೇಲೆ ಬಿಳಿಯ ಬಣ್ಣದಲ್ಲಿ ಬರೆಸುತ್ತಿದ್ದರು. 1968ರ ಎದುರಿಗೆ, 200 ಮೀಟರ್ ಓಟದ ಸಾಲಿನಲ್ಲಿ, ಹೆಸರಿಲ್ಲ. ಒಂದು ಗೇಣುದ್ದ ಕಪ್ಪು ಬಣ್ಣ ಬಳಿದಿದೆ. ಆ ವರ್ಷ ಗೆದ್ದ ಹುಡುಗಿ ಕಿರಿಯರ ಗುಂಪಿನಲ್ಲಿ ಓಡಿದ್ದಳು. ಎರಡು ತಿಂಗಳ ಮೇಲೆ ಯಾವುದೋ ಕಾಗದದಿಂದ ಅವಳ ವಯಸ್ಸು ಎರಡು ವರ್ಷ ಹೆಚ್ಚೆಂದು ತಿಳಿಯಿತು. ಪೇಂಟರನ್ನು ಕರೆಸಿ ಹೆಸರನ್ನು ಅಳಿಸಿದರು. ಅಷ್ಟೇ. ಎರಡನೆಯವಳ ಹೆಸರನ್ನು ಅಲ್ಲಿ ಬರೆಸಬೇಕೆಂದು ಯಾರಿಗೂ ತೋಚಲಿಲ್ಲ. ಆ ಎರಡನೆಯವಳು ನಮ್ಮ ಅಕ್ಕ.

ಅಕ್ಕ ಇದನ್ನೆಲ್ಲ ಮರೆತಿದ್ದಾಳೆಂದೇ ನಾನು ತಿಳಿದಿದ್ದೆ. 2025ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಮಲ್ಲೇಶ್ವರದಿಂದ ಅವಳ ಫೋನು ಬಂತು. "ಟಿವಿ ಹಾಕಿದ್ದೀಯೇನೇ? ಆ ಹುಡುಗಿ ಓಡಿದ್ದು ನೋಡಿದೆಯಾ?" ಟೋಕಿಯೋದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಮಳೆಯಲ್ಲಿ ನೆಂದ ಟ್ರ್ಯಾಕಿನ ಮೇಲೆ ಅಮೆರಿಕದ ಸಿಡ್ನಿ ಮೆಕ್‌ಲಾಫ್ಲಿನ್ 400 ಮೀಟರನ್ನು 47.78 ಸೆಕೆಂಡುಗಳಲ್ಲಿ ಓಡಿ ಮುಗಿಸಿದ್ದರು. ವಿಶ್ವದಾಖಲೆ 47.60. ನಡುವಿನ ಅಂತರ ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ. ಅಷ್ಟರಲ್ಲಿ ಒಗ್ಗರಣೆಯ ಒಂದು ಸಾಸಿವೆ ಸಿಡಿದರೆ ಹೆಚ್ಚು. "ಅವಳ ಮುಂದೆ ಯಾರೂ ಇರಲಿಲ್ಲ ಕಣೇ. ಆದರೂ ಎರಡನೆಯವಳೇ ಆದಳು ನೋಡು" ಎಂದು ಅಕ್ಕ ಫೋನಿಟ್ಟಳು. ಅವಳು ಯಾವುದನ್ನೂ ಮರೆತಿಲ್ಲವೆಂದು ನನಗೆ ಆಗ ತಿಳಿಯಿತು.

ಆ 47.60ರ ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. 1985ರ ಅಕ್ಟೋಬರ್ 6ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೂರ್ವ ಜರ್ಮನಿಯ ಮರೀಟಾ ಕೋಖ್ ಮಾಡಿದ ದಾಖಲೆ ಅದು. ಟೋಕಿಯೋದ ಓಟದ ಹೊತ್ತಿಗೆ ಅದಕ್ಕೆ ನಲವತ್ತು ವರ್ಷ ತುಂಬುತ್ತ ಬಂದಿತ್ತು. ಆಕೆ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ, ಮದ್ದು ತೆಗೆದುಕೊಂಡೆನೆಂದು ಒಪ್ಪಿಕೊಂಡವರೂ ಅಲ್ಲ. ಆದರೆ ಬರ್ಲಿನ್ ಗೋಡೆ ಉರುಳಿದ ಮೇಲೆ ಆ ದೇಶದ ಕಡತಗಳು ಹೊರಬಂದವು. ಕ್ರೀಡಾಪಟುಗಳಿಗೆ ಸರ್ಕಾರವೇ ವ್ಯವಸ್ಥಿತವಾಗಿ ಉದ್ದೀಪನ ಮದ್ದು ತಿನ್ನಿಸುತ್ತಿದ್ದ ಲೆಕ್ಕ ಅದರಲ್ಲಿತ್ತು. ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಹಿಂದೆ ಡಿಸ್ಕಸ್ ಎಸೆಯುತ್ತಿದ್ದ ಬ್ರಿಗಿಟ್ಟೆ ಬೆರೆಂಡೊಂಕ್, ಇಬ್ಬರೂ ಕೂಡಿ ಆ ಕಾಗದಗಳನ್ನು ಕಾಪಾಡಿ ಬೆಳಕಿಗೆ ತಂದರು. ಯಾರಿಗೆ ವರ್ಷಕ್ಕೆ ಎಷ್ಟು ಮಿಲಿಗ್ರಾಂ ಎಂಬ ಪಟ್ಟಿಯಲ್ಲಿ ಕೋಖ್ ಅವರ ಹೆಸರೂ ಇತ್ತು.

ಹೆಣ್ಣುಮಕ್ಕಳ ಓಟದ ಪಟ್ಟಿಯನ್ನು ಒಮ್ಮೆ ನೋಡಿ. 100 ಮತ್ತು 200 ಮೀಟರ್ 1988ರವು, 400 ಮೀಟರ್ 1985ರದು, 800 ಮೀಟರ್ 1983ರದು. ಗಂಡಸರ ಪಟ್ಟಿಯಲ್ಲಿ ಈ ನಾಲ್ಕು ಓಟಗಳ ದಾಖಲೆಗಳೂ ಆಮೇಲೆ ಮುರಿದು ಹೊಸದಾಗಿವೆ. ಹೀಗೇಕೆ ಎಂದರೆ, ಆ ಮದ್ದುಗಳಲ್ಲಿ ಮುಖ್ಯವಾದವು ಗಂಡಸಿನ ಹಾರ್ಮೋನನ್ನು ಹೋಲುವಂಥವು. ಅದು ಗಂಡಿನ ಮೈಯಲ್ಲಿ ಮೊದಲೇ ಧಾರಾಳವಾಗಿರುತ್ತದೆ. ಹೆಣ್ಣಿನ ಮೈಗೆ ಸ್ವಲ್ಪ ಬಿದ್ದರೂ ಪರಿಣಾಮ ಬಹಳ. ಅಂದಿನ ಪರೀಕ್ಷೆಯೂ ಬಹುಮಟ್ಟಿಗೆ ಸ್ಪರ್ಧೆಯ ದಿನವೇ ನಡೆಯುತ್ತಿತ್ತು. ಕೆಲವು ವಾರ ಮೊದಲೇ ಮದ್ದು ನಿಲ್ಲಿಸಿದವರು ಪಾರಾಗುತ್ತಿದ್ದರು. ಪೂರ್ವ ಜರ್ಮನಿಯಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರಿಗೆ ಜೀವಸತ್ವದ ಮಾತ್ರೆ ಎಂದು ನಂಬಿಸಿ ನೀಲಿ ಮಾತ್ರೆ ಕೊಟ್ಟರು. ಧ್ವನಿ ಗಡಸಾದವರು, ಮುಂದೆ ಬಸಿರಿನ ತೊಂದರೆ ಅನುಭವಿಸಿದವರು ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದರು. 2000ದಲ್ಲಿ ಅಲ್ಲಿನ ಕ್ರೀಡಾ ಮುಖ್ಯಸ್ಥ ಮಾನ್ಫ್ರೆಡ್ ಎವಾಲ್ಡ್‌ಗೆ ಶಿಕ್ಷೆಯಾಯಿತು. ದಾಖಲೆ ಮಾತ್ರ ಇದ್ದಲ್ಲೇ ಇದೆ.

ಹಾಗಾದರೆ ಇವನ್ನೆಲ್ಲ ಅಳಿಸಿಬಿಡಬೇಕೆ? ಮೊದಲು ನನಗೆ ಹಾಗೇ ಅನಿಸಿತ್ತು. 2017ರಲ್ಲಿ ಯೂರೋಪಿನ ಅಥ್ಲೆಟಿಕ್ಸ್ ಸಂಸ್ಥೆ ಇಂಥದೇ ಸಲಹೆ ಮುಂದಿಟ್ಟಿತು: 2005ಕ್ಕಿಂತ ಹಿಂದಿನ ದಾಖಲೆಗಳನ್ನೆಲ್ಲ ಬದಿಗಿಟ್ಟು ಹೊಸ ಲೆಕ್ಕ ಆರಂಭಿಸೋಣ ಎಂದು. ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಸಿಡಿದೆದ್ದರು. 2003ರಲ್ಲಿ ಲಂಡನ್ನಿನಲ್ಲಿ ತಾವು ಓಡಿ ಮಾಡಿದ ಮ್ಯಾರಥಾನ್ ದಾಖಲೆಯೂ ಅದರೊಂದಿಗೆ ಕೊಚ್ಚಿಹೋಗುತ್ತಿತ್ತಲ್ಲ! ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ. ಆ ಸಲಹೆ ಜಾರಿಗೆ ಬರಲಿಲ್ಲ, ಒಳ್ಳೆಯದೇ ಆಯಿತು.

ಅನುಮಾನ ಎಂಬುದೇ ನನಗೆ ಅಷ್ಟು ಇಷ್ಟವಾದ ಪದಾರ್ಥವಲ್ಲ. ಅಗಸನೊಬ್ಬನ ಮಾತಿಗೆ ಸೀತೆ ಕಾಡು ಸೇರಿದ ಕಥೆಯನ್ನು ಕೇಳುತ್ತ ಬೆಳೆದವರು ನಾವು. 800 ಮೀಟರಿನ ದಾಖಲೆ ಮಾಡಿದ ಜೆಕೊಸ್ಲೊವಾಕಿಯಾದ ಯಾರ್ಮಿಲಾ ಕ್ರಾಟೊಕ್ವಿಲೋವಾ ಅವರನ್ನು ಜನ ಅವರ ಗಟ್ಟಿಮುಟ್ಟಾದ ಮೈಕಟ್ಟು ನೋಡಿಯೇ ಅನುಮಾನಿಸಿದರು. ಮೈ ನೋಡಿ ಆಡುವ ಮಾತಿಗೂ ಕಡತ ನೋಡಿ ಆಡುವ ಮಾತಿಗೂ ವ್ಯತ್ಯಾಸವಿದೆ. ಮೊದಲನೆಯದು ಕಟ್ಟೆಯ ಮೇಲಿನ ಹರಟೆ. ಎರಡನೆಯದು ವಿಚಾರಣೆಗೆ ತಕ್ಕದ್ದು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಇಷ್ಟು ದೂರದ ವಿಷಯವನ್ನು ನ್ಯಾಯಾಧೀಶರ ಗತ್ತಿನಲ್ಲಿ ತೀರ್ಮಾನಿಸುವುದು ಸುಲಭ. ನಮ್ಮ ಮನೆ ಬಾಗಿಲಿಗೆ ಬಂದಾಗಲೇ ಕಷ್ಟ.

ಅಂಜು ಬಾಬಿ ಜಾರ್ಜ್ ಹುಟ್ಟಿದ್ದು ಕೇರಳದಲ್ಲಾದರೂ ಬೆಂಗಳೂರಿನಲ್ಲೇ ನೆಲೆಸಿದವರು. ಇಲ್ಲಿಯೇ ಹೆಣ್ಣುಮಕ್ಕಳಿಗೆ ಜಿಗಿತ ಕಲಿಸುತ್ತ ಬಂದಿದ್ದಾರೆ. ಆದ್ದರಿಂದ ಅವರು ನಮ್ಮವರು. 2004ರ ಆಗಸ್ಟಿನಲ್ಲಿ ಅಥೆನ್ಸ್ ಒಲಿಂಪಿಕ್ಸಿನ ಉದ್ದ ಜಿಗಿತದ ಫೈನಲ್ ನೋಡಲು ನಾನೂ ಅಕ್ಕನೂ ಬಸವನಗುಡಿಯ ನಮ್ಮ ಮನೆಯಲ್ಲಿ ರಾತ್ರಿ ನಿದ್ದೆಗೆಟ್ಟು ಕೂತಿದ್ದೆವು. ಅವರು 6.83 ಮೀಟರ್ ಜಿಗಿದರು, ರಾಷ್ಟ್ರೀಯ ದಾಖಲೆ. ಸ್ಥಾನ ಮಾತ್ರ ಆರನೆಯದು. ಮೊದಲ ಮೂರು ಪದಕ ರಷ್ಯದ ಲೆಬೆಡೆವಾ, ಸಿಮಾಗಿನಾ, ಕೊಟೊವಾ ಅವರಿಗೆ. ನಾಲ್ಕನೆಯವರು ಆಸ್ಟ್ರೇಲಿಯಾದ ಬ್ರೋನ್ವಿನ್ ಥಾಂಪ್ಸನ್. ಐದನೆಯವರು ಅಮೆರಿಕದ ಮರಿಯನ್ ಜೋನ್ಸ್. 2007ರಲ್ಲಿ ಜೋನ್ಸ್ ತಾವು ಮದ್ದು ಸೇವಿಸಿದ್ದನ್ನು ಒಪ್ಪಿಕೊಂಡರು, ಅಂಜು ಐದನೆಯವರಾದರು. ಮುಂದೆ ಆ ಮೂವರು ರಷ್ಯನ್ನರೂ ಒಬ್ಬರಾದ ಮೇಲೊಬ್ಬರು ಬೇರೆ ಬೇರೆ ವರ್ಷದ ಮದ್ದಿನ ಪ್ರಕರಣಗಳಲ್ಲಿ ಸಿಕ್ಕಿಬಿದ್ದರು. ಕೊಟೊವಾ ಅವರ 2005ರ ಮಾದರಿಯನ್ನು ಮರುಪರೀಕ್ಷೆ ಮಾಡಿದ್ದರಿಂದ, ಅದೇ ವರ್ಷ ಮೊನಾಕೊದಲ್ಲಿ ಅಂಜು ಗೆದ್ದಿದ್ದ ಬೆಳ್ಳಿ 2014ರಲ್ಲಿ ಚಿನ್ನವಾಯಿತು. ಅಥೆನ್ಸಿನ ಪಟ್ಟಿ ಮಾತ್ರ ಅಲುಗಲಿಲ್ಲ. ಆ ಮೂವರನ್ನು ತೆಗೆದರೆ ಅಂಜುವಿಗೆ ಬೆಳ್ಳಿ.

ಅಲುಗದಿರಲು ಕಾರಣ ಗಡುವು. ಹಳೆಯ ಮಾದರಿಗಳನ್ನು ಎಂಟು ವರ್ಷದೊಳಗೆ ಪರೀಕ್ಷಿಸಬೇಕೆಂಬುದು ಆಗಿನ ನಿಯಮ. 2012ರಲ್ಲಿ, ಅವಧಿ ಮುಗಿಯುವ ಮುನ್ನ, ಅಥೆನ್ಸಿನ ಸುಮಾರು 100 ಮಾದರಿಗಳನ್ನಷ್ಟೇ ಮತ್ತೆ ಪರೀಕ್ಷಿಸಿದರು. ಅಷ್ಟರಲ್ಲೇ ಐದು ಮಂದಿ ಸಿಕ್ಕಿದರು. ಆ ಐವರಲ್ಲಿ ಉದ್ದ ಜಿಗಿತದವರು ಯಾರೂ ಇರಲಿಲ್ಲ. ಆಮೇಲೆ ಬಾಗಿಲು ಮುಚ್ಚಿತು. ನಮ್ಮ ಊರಿನಲ್ಲಿ ಮೂವತ್ತು ನಲವತ್ತು ಅಡಿ ಸೈಟಿನ ವ್ಯಾಜ್ಯವೇ ಇಪ್ಪತ್ತು ವರ್ಷ ಎಳೆಯುತ್ತದೆ. ಒಬ್ಬ ಹೆಣ್ಣುಮಗಳ ಒಲಿಂಪಿಕ್ ಪದಕಕ್ಕೆ ಎಂಟೇ ವರ್ಷ! ಮುಂದೆ ಆ ಅವಧಿಯನ್ನು ಹತ್ತಕ್ಕೆ ಏರಿಸಿದರು, ಅಂಜುವಿಗೆ ಅದರಿಂದ ಏನೂ ದಕ್ಕಲಿಲ್ಲ.

ಇದನ್ನೆಲ್ಲ ಅಕ್ಕನ ಮುಂದೆ ಆವೇಶದಿಂದ ಹೇಳುತ್ತಿದ್ದೆ. ಸ್ಯಾಂಕಿ ಕೆರೆಯ ಸುತ್ತ ಒಂದು ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. "ಅವರಿಂದ ಕಿತ್ತು ಅಂಜುಗೆ ಕೊಡಬೇಕು" ಎಂದೆ. ಅಕ್ಕ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, "ಹಾಗಾದರೆ ಅಶ್ವಿನಿಯ ಚಿನ್ನ?" ಎಂದಳು.

ನನ್ನ ಬಾಯಿ ಕಟ್ಟಿತು. ಕುಂದಾಪುರದ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿಯವರನ್ನು ಯಾರು ತಾನೇ ಮರೆತಾರು? 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಓಟದಲ್ಲಿ ಮೂರನೆಯವರಾಗಿ ಬೇಟನ್ ಹಿಡಿದು ನೈಜೀರಿಯಾದ ಓಟಗಾರ್ತಿಯನ್ನು ಹಿಂದೆ ಹಾಕಿದ ಆ ಓಟಕ್ಕೆ ನಾನು ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದು ಕೂಗಿದ್ದೆ. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡು ಚಿನ್ನ. 2011ರಲ್ಲಿ ಅವರೂ ಜೊತೆಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು, ನಮಗೆ ತಿಳಿಯದು ಎಂಬುದು ಅವರ ವಾದ. ಉಕ್ರೇನಿನ ಆ ಕೋಚನ್ನು ತೆಗೆದುಹಾಕಿದರು. ಇಲ್ಲಿನ ಮಂಡಳಿ ಒಂದು ವರ್ಷ ನಿಷೇಧ ವಿಧಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು: ನಿಮ್ಮ ಹೊಟ್ಟೆಗೆ ಹೋಗುವುದಕ್ಕೆ ನೀವೇ ಹೊಣೆ ಎಂದು. ಕಾನೂನು ಸರಿ. ಆದರೆ ಶಿಬಿರದಲ್ಲಿ ಕೋಚ್ ತಿನ್ನು ಎಂದದ್ದನ್ನು ಇದರಲ್ಲಿ ಏನಿದೆ ಎಂದು ಕೇಳುವ ಧೈರ್ಯ ಹಳ್ಳಿಯಿಂದ ಬಂದ ಹುಡುಗಿಗೆ ಎಲ್ಲಿಂದ ಬರಬೇಕು? ಸೊಸೆಯಾಗಿ ಹೊಸ ಮನೆಗೆ ಬಂದ ಮೊದಲ ವರ್ಷ ನಾವು ಎಷ್ಟು ಪ್ರಶ್ನೆ ಕೇಳಿದ್ದೆವು?

2010ರ ಪದಕಗಳು ಅಶ್ವಿನಿಯವರ ಬಳಿಯೇ ಉಳಿದವು, ಏಕೆಂದರೆ ಸಿಕ್ಕಿಬಿದ್ದದ್ದು 2011ರಲ್ಲಿ. ನನಗೆ ಅದು ಸರಿಯೆನಿಸುತ್ತದೆ. ಹಾಗಿದ್ದರೆ, ಆಮೇಲೆ ಸಿಕ್ಕಿಬಿದ್ದರೆಂದು ರಷ್ಯನ್ನರ 2004ರ ಪದಕ ಕಿತ್ತುಕೊಳ್ಳಿ ಎಂದು ಯಾವ ಬಾಯಿಂದ ಕೇಳಲಿ? ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಪೂವಮ್ಮನ ಕಥೆಯೂ ಇದೆಯಲ್ಲ" ಎಂದಳು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇಯಲ್ಲಿ ಭಾರತಕ್ಕೆ ಬೆಳ್ಳಿ ಬಂದಿತ್ತು. ಗೆದ್ದ ಬಹ್ರೇನ್ ತಂಡದ ಕೆಮಿ ಅಡೆಕೋಯಾ ಮದ್ದಿನಲ್ಲಿ ಸಿಕ್ಕಿಬಿದ್ದು 2020ರಲ್ಲಿ ಅದು ಚಿನ್ನವಾಯಿತು. ಓಡಿದ ನಾಲ್ವರಲ್ಲಿ ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಒಬ್ಬರು. 2021ರಲ್ಲಿ ಅವರ ಮಾದರಿಯಲ್ಲೇ ನಿಷೇಧಿತ ಪದಾರ್ಥ ಸಿಕ್ಕಿತು. ಮೊದಲು ಮೂರು ತಿಂಗಳು, ಮೇಲ್ಮನವಿಯಲ್ಲಿ ಎರಡು ವರ್ಷ ನಿಷೇಧ. ಇಂಥವರು ಅಂಥವರು ಎಂದು ಎರಡು ಪಟ್ಟಿ ಮಾಡಿಕೊಂಡು ಕೂರುವ ಅವಕಾಶವನ್ನೇ ಈ ಪ್ರಕರಣ ನನ್ನಿಂದ ಕಸಿದುಕೊಂಡಿತು.

ಕೊನೆಗೆ ನನಗೆ ದಾರಿ ತೋರಿಸಿದ್ದು ಇನೆಸ್ ಗೈಪೆಲ್ ಎಂಬ ಜರ್ಮನ್ ಲೇಖಕಿ. ಆಕೆ 1984ರಲ್ಲಿ ಪೂರ್ವ ಜರ್ಮನಿಯ ಒಂದು ಕ್ಲಬ್ಬಿನ 4x100 ರಿಲೇ ದಾಖಲೆಯಲ್ಲಿ ಪಾಲುದಾರರು. ತಮ್ಮ ಅರಿವಿಗೆ ಬಾರದೆ ಕೊಟ್ಟ ಮದ್ದಿನಿಂದ ಬಂದದ್ದು ತಮಗೆ ಬೇಡ, ಹೆಸರು ತೆಗೆಯಿರಿ ಎಂದು ತಾವಾಗಿಯೇ ಕೇಳಿಕೊಂಡರು. ಕಡೆಗೆ ಪುಸ್ತಕದಲ್ಲಿ ಅವರ ಹೆಸರಿನ ಜಾಗಕ್ಕೆ ಒಂದು ನಕ್ಷತ್ರದ ಗುರುತು ಬಂತು. ಓಟ ನಡೆದದ್ದು ನಿಜ, ಸಮಯ ನಿಜ. ಏನೋ ಸರಿಯಿಲ್ಲ ಎಂಬುದೂ ನಿಜ. ಅದನ್ನು ಓದುವವರಿಗೆ ಮುಚ್ಚಿಡಲಿಲ್ಲ.

ನನಗೆ ಬೇಕಾದದ್ದು ಇಂಥದು. ಕಡತಗಳಲ್ಲಿ ಲೆಕ್ಕ ಸಿಕ್ಕಿರುವ ದಾಖಲೆಗಳನ್ನು ಕಪ್ಪು ಬಳಿದು ಮುಚ್ಚುವುದು ಬೇಡ, ಪಕ್ಕದಲ್ಲೇ ಆ ಲೆಕ್ಕವನ್ನೂ ಅಚ್ಚು ಹಾಕಲಿ. ಕೋಖ್ ಅವರ 47.60ರ ಕೆಳಗೆ, ಈಗಿನ ಪರೀಕ್ಷೆಗಳನ್ನೆಲ್ಲ ದಾಟಿ ಬಂದ ಅತಿ ವೇಗದ ಓಟ ಯಾರದೆಂದು ಇನ್ನೊಂದು ಸಾಲಿರಲಿ, ಅಲ್ಲಿ ಮೆಕ್‌ಲಾಫ್ಲಿನ್ ಹೆಸರಿರಲಿ. ಬರಿಯ ಅನುಮಾನವಾದರೆ ದಾಖಲೆಯನ್ನು ಮುಟ್ಟುವುದು ಬೇಡ. ಮಾದರಿ ಇನ್ನೂ ಉಳಿದಿದ್ದರೆ ಪರೀಕ್ಷಿಸಲು ಗಡುವಿನ ನೆಪ ಹೇಳದಿರಲಿ, ಅದು ರಷ್ಯನ್ನರದಾಗಲಿ ನಮ್ಮವರದಾಗಲಿ. ಅಂಜುವಿನ ದೂರು ಕಿತ್ತುಕೊಡಲಿಲ್ಲವೆಂದಲ್ಲ, ಬಾಗಿಲು ಮುಚ್ಚುವ ಮೊದಲು ಪೂರ್ತಿ ನೋಡಲಿಲ್ಲವೆಂದು. ಹೀಗೆಂದು ನಾನು ವಾದಿಸಿದರೆ ಅಶ್ವಿನಿಗೂ ಅನ್ಯಾಯವಾಗದು ಎಂದುಕೊಂಡಿದ್ದೇನೆ. ಅಕ್ಕ ತಲೆಯಾಡಿಸಿದಳು, ಒಪ್ಪಿದಳೋ ಸಾಕು ಮಾಡು ಎಂದಳೋ ತಿಳಿಯಲಿಲ್ಲ.

ಅಂದು ಬಸ್ಸಿಗೆ ಕಾಯುವಾಗ ಕೇಳಿದೆ: "ಅಕ್ಕಾ, ಈಗ ಆ ಹಲಗೆಯ ಮೇಲೆ ನಿನ್ನ ಹೆಸರು ಬರೆಸಿದರೆ?"

"ಯಾರಿಗೆ ತೋರಿಸೋಕೆ?" ಎಂದಳು. "ಅವತ್ತು ಅಪ್ಪ ಪ್ರೆಸ್ಸಿಗೆ ಅರ್ಧ ದಿನ ರಜಾ ಹಾಕಿ ಬಂದು ಬೇಲಿಯ ಆಚೆ ಕೊಡೆ ಹಿಡಿದು ನಿಂತಿದ್ದರು. ಅವರಿಗೆ ಗೊತ್ತಾಗಬೇಕಿತ್ತು."

ಹೋದ ವಾರ ನಾನು ಒಬ್ಬಳೇ ಶಾಲೆಗೆ ಹೋಗಿದ್ದೆ. ಹಲಗೆ ಈಗ ಮೆಟ್ಟಿಲ ಕೆಳಗೆ, ಮುರಿದ ಬೆಂಚುಗಳ ಹಿಂದೆ ಇದೆ. ಕಪ್ಪು ಬಣ್ಣ ಅಲ್ಲಲ್ಲಿ ಎದ್ದು, ಅಳಿಸಿದ ಹುಡುಗಿಯ ಹೆಸರಿನ ಎರಡು ಅಕ್ಷರ ಬೆಳ್ಳಗೆ ಕಾಣುತ್ತಿವೆ. ಆ ಹೆಸರನ್ನೂ ಅದರ ಪಕ್ಕದಲ್ಲಿ ನಡೆದ ಸಂಗತಿಯನ್ನೂ ಕೆಳಗೆ ಅಕ್ಕನ ಹೆಸರನ್ನೂ ಬರೆಸಲು ಅನುಮತಿ ಕೇಳಿ ಅರ್ಜಿ ಕೊಟ್ಟು ಬಂದಿದ್ದೇನೆ, ಪೇಂಟರಿನ ಖರ್ಚು ನನ್ನದೇ ಎಂದು. ಅಕ್ಕನಿಗೆ ಇನ್ನೂ ಹೇಳಿಲ್ಲ.