ತಾಮ್ರದ ತಗಡಿನಲ್ಲಿ ರೇವುಪಟ್ಟಣ

ಸೂರತ್‌ನ ವರಾಛಾದಲ್ಲಿ ಮಿನಿ ಬಜಾರ್ ಅಂದರೆ ವಜ್ರದ ದಲಾಲರ ಬೀದಿ. ಕಾಗದದ ಪೊಟ್ಟಣ ಬಿಚ್ಚಿ, ಹತ್ತು ಪಟ್ಟು ಹಿಗ್ಗಿಸುವ ಲೂಪನ್ನು ಕಣ್ಣಿಗಿಟ್ಟು ಹರಳು ನೋಡುವವರು ಅಲ್ಲಿ ಎಲ್ಲೆಲ್ಲೂ. ಹಳೆಯ ನಗರಚಿತ್ರಗಳ ಸಂಗ್ರಹಕಾರರಿಗೂ ಅದೇ ಲೂಪ್ ಬೇಕು. ತಾಮ್ರದ ತಗಡಿನಲ್ಲಿ ಉಳಿಯಿಂದ ಕೊರೆದ ಗೆರೆ ತೆಳ್ಳಗೆ ಶುರುವಾಗಿ, ನಡುವೆ ಉಬ್ಬಿ, ಮತ್ತೆ ಮೊನಚಾಗುತ್ತದೆ. ಈಗಿನ ಮರುಮುದ್ರಣವಾದರೆ ಲೂಪಿನಡಿ ಬರೀ ಚುಕ್ಕಿಗಳು. ಅಸಲಿ ಹಾಳೆಯಾದರೆ ಒದ್ದೆ ಕಾಗದದ ಮೇಲೆ ತಗಡು ಒತ್ತಿದ ತಗ್ಗು ಚಿತ್ರದ ಸುತ್ತ ಬೆರಳಿಗೆ ಸಿಗಬೇಕು. ಬಣ್ಣಕ್ಕೆ ಮರುಳಾಗಬೇಡಿ, ಅದು ಕೈಯಲ್ಲಿ ಹಚ್ಚಿದ್ದು, ಎಷ್ಟೋ ಸಲ ತೀರ ಈಚಿನದು.

ಈ ಹವ್ಯಾಸದವರೆಲ್ಲ ಮೊದಲು ಹುಡುಕುವುದು ಕೊಲೋನ್‌ನಲ್ಲಿ 1572ರಿಂದ 1617ರವರೆಗೆ ಆರು ಸಂಪುಟಗಳಲ್ಲಿ ಬಂದ ನಗರಚಿತ್ರಗಳ ಗ್ರಂಥ 'ಸಿವಿಟಾಟೆಸ್ ಆರ್ಬಿಸ್ ಟೆರಾರಮ್'. ಸಂಪಾದಕ ಗಿಯೋರ್ಗ್ ಬ್ರೌನ್. ಮೊದಲ ಸಂಪುಟಗಳ ಕೆತ್ತನೆಗೆ ಹೆಸರಾದವನು ಫ್ರಾನ್ಸ್ ಹೋಗೆನ್‌ಬರ್ಗ್. ಮೊದಲ ಸಂಪುಟದ ಒಂದು ಹಾಳೆ ಎಷ್ಟು ನೋಡಿದರೂ ನನಗೆ ಸಾಲದು. ಕಲ್ಲಿಕೋಟೆ, ಕಣ್ಣೂರು, ಹೊರ್ಮುಜ್, ಆಫ್ರಿಕದ ಎಲ್ಮಿನಾ, ನಾಲ್ಕೂ ಅದರಲ್ಲೇ ಇವೆ. ಕಲ್ಲಿಕೋಟೆಯ ದಡದಲ್ಲಿ ಆನೆ ನಿಂತಿದೆ, ಹಡಗು ಕಟ್ಟುವ ಕೆಲಸ ನಡೆದಿದೆ. ಮಲಬಾರಿನ ಮೆಣಸು, ಹೊರ್ಮುಜ್‌ನಿಂದ ಹಡಗೇರಿ ನಮ್ಮ ಭಟ್ಕಳದಲ್ಲಿಳಿದು ವಿಜಯನಗರಕ್ಕೆ ಹೋಗುತ್ತಿದ್ದ ಕುದುರೆ, ಎಲ್ಮಿನಾದ ಚಿನ್ನ: ಪೋರ್ಚುಗೀಸರ ಲೆಕ್ಕದ ಪುಸ್ತಕವೇ ಚಿತ್ರವಾದಂತಿದೆ.

ಅದೇ ಸಂಪುಟದಲ್ಲಿ ಗೋವಾ ಇದೆ, ದೀವ್ ಇದೆ, ಸೂರತ್ ಇಲ್ಲ. ಸೂರತ್ ಪೋರ್ಚುಗೀಸರ ಕೈಯಲ್ಲಿರಲಿಲ್ಲ. 1573ರಲ್ಲಿ ಅಕ್ಬರ್ ಅದನ್ನು ಗೆದ್ದ. ಮುಂದಿನ ಶತಮಾನದ ಆರಂಭದಲ್ಲಿ ಇಂಗ್ಲಿಷರು, ಡಚ್ಚರು ಅಲ್ಲಿ ಕೋಠಿ ತೆರೆದರು. ಆಮೇಲೆ ಸೂರತ್ ಯುರೋಪಿನ ಪುಸ್ತಕಗಳಿಗೆ ಇಳಿಯಿತು: 1672ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಲ್ಡಿಯಸ್ ಎಂಬವನ ಪುಸ್ತಕ, 1683ರಲ್ಲಿ ಪ್ಯಾರಿಸ್‌ನಲ್ಲಿ ಮಾಲೆ ಎಂಬವನದು. ವ್ಯಾಪಾರ ಯಾರದೋ ಚಿತ್ರವೂ ಅವರದೇ.

ಸೂರತ್‌ನ ಚಿತ್ರ ಸಿಕ್ಕರೆ ಮೊದಲು ಹಡಗು ನೋಡಿ. ದೊಡ್ಡ ಹಡಗುಗಳಿಗೆ ಊರಿನ ತಾಪಿ ನದಿಯಲ್ಲಿ ಆಳ ಸಾಲದು. ಅವು ಸಮುದ್ರತೀರದ ಸುವಾಲಿಯಲ್ಲೇ ಲಂಗರು ಹಾಕುತ್ತಿದ್ದವು, ಸರಕು ಎತ್ತಿನ ಗಾಡಿಗಳಲ್ಲೂ ಸಣ್ಣ ದೋಣಿಗಳಲ್ಲೂ ಪೇಟೆಗೆ ಬರುತ್ತಿತ್ತು. ನದಿದಂಡೆಯ ಕೋಟೆಯ ಬುಡದಲ್ಲೇ ಮೂರು ಕೂವೆಗಳ ಭಾರಿ ಹಡಗು ನಿಂತಿದ್ದರೆ ಕೆತ್ತಿದವನು ತಾಪಿಯನ್ನು ಕಂಡಿಲ್ಲ ಎಂದೇ ತಿಳಿಯಿರಿ. ಅಂಥ ಹಾಳೆಯನ್ನೂ ನಾನು ಬಿಡಲಾರೆ. ಯುರೋಪಿನ ವರ್ತಕ ಸೂರತ್ ಹೇಗಿರಬೇಕೆಂದು ಆಸೆಪಟ್ಟನೋ ಅದು ಅಲ್ಲಿದೆ.

ಇನ್ನೊಂದು ಮಾತು. ಬ್ರೌನ್‌ನ ಸಂಪುಟಗಳಲ್ಲಿ ಊರಿನ ವಿವರಣೆ ಚಿತ್ರದ ಬೆನ್ನಿಗೇ ಅಚ್ಚಾಗಿದೆ. ಕಟ್ಟು ಹಾಕಿಸುವಾಗ ದಯವಿಟ್ಟು ಹಿಂಬದಿಗೆ ಗೋಂದು ಹಚ್ಚಿ ರಟ್ಟಿಗೆ ಅಂಟಿಸಬೇಡಿ.