ದೂರದ ಓಟದ ಅಭ್ಯಾಸ: ಪಥವೋ, ರಸ್ತೆಯೋ?

ದೂರದ ಓಟಕ್ಕೆ ಕ್ರೀಡಾಂಗಣದ ಪಥವೇ ಶ್ರೇಷ್ಠ, ಡಾಂಬರು ರಸ್ತೆ ಕಾಲನ್ನು ಕೆಡಿಸುವುದು ಎಂಬ ಮಾತು ವ್ಯಾಯಾಮ ಶಿಕ್ಷಣದ ತರಗತಿಗಳಲ್ಲಿ ಸೂತ್ರಪ್ರಾಯವಾಗಿದೆ. ದಿನವೂ ರಾಯಚೂರಿಗೆ ಬರಲಾಗದ ದೇವದುರ್ಗದ ವಿದ್ಯಾರ್ಥಿಗೆ ಈ ಸೂತ್ರವು ಅಭ್ಯಾಸವನ್ನೇ ನಿರಾಕರಿಸುವುದರಿಂದ ಅದನ್ನು ಪರೀಕ್ಷಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಸೂತ್ರಕಾರರು ನೆಲದ ಗಡಸುತನವೊಂದನ್ನೇ ಎಣಿಸುತ್ತಾರೆ. 10,000 ಮೀಟರಿನ ಓಟವೆಂದರೆ ಪಥದಲ್ಲಿ 25 ಸುತ್ತು, 50 ತಿರುವು, ಅಷ್ಟೂ ಎಡಕ್ಕೆ. ನೆಲ ಮೆತ್ತಗಿದ್ದರೂ ಎರಡು ಕಾಲುಗಳ ಮೇಲಣ ಭಾರ ಸಮನಾಗದು. ರಸ್ತೆಯಾದರೂ ನಿರ್ದೋಷಿಯಲ್ಲ. ಮಳೆನೀರು ಹರಿಯಲೆಂದು ಅದರ ನಡುವನ್ನು ಉಬ್ಬಿಸಿರುತ್ತಾರೆ. ಎದುರಿನ ವಾಹನ ಕಾಣಲೆಂದು ಬಲಬದಿ ಹಿಡಿದವನ ಬಲಗಾಲು ಹೋಗುವಾಗಲೂ ಬರುವಾಗಲೂ ತಗ್ಗಿನಲ್ಲೇ ಬೀಳುತ್ತದೆ. ಪಕ್ಕದ ಮಣ್ಣಿಗೆ ಇಳಿಯಿರಿ ಎನ್ನುವವರು ಮಾನ್ವಿಯ ಎರೆನೆಲವನ್ನು ಕಂಡಂತಿಲ್ಲ! ಮಳೆಗೆ ಅದು ಕಾಲಿಗೆ ಮೆತ್ತುತ್ತದೆ, ಬೇಸಗೆಯಲ್ಲಿ ಬಾಯಿಬಿಡುತ್ತದೆ.

ಪಥವಾದಿಗಳು ಜಾಟೊಪೆಕ್‌ನನ್ನು ಸಾಕ್ಷಿಗೆ ಕರೆಯುವುದುಂಟು. 400 ಮೀಟರುಗಳನ್ನು ಮರಳಿ ಮರಳಿ ಓಡಿ ಸಿದ್ಧನಾದ ಆತ 1952ರಲ್ಲಿ ಹೆಲ್ಸಿಂಕಿಯಲ್ಲಿ ತನ್ನ ಮೊದಲ ಮ್ಯಾರಥಾನನ್ನೇ ಗೆದ್ದನೆಂಬುದು ದಿಟ. ಆದರೆ ಆ ಆವೃತ್ತಿಗಳನ್ನು ಸೈನಿಕರ ಬೂಟು ತೊಟ್ಟು ಕಾಡಿನಲ್ಲೂ ನಡೆಸುತ್ತಿದ್ದನೆಂಬುದನ್ನು ಅವರು ಮರೆಯುತ್ತಾರೆ. ಆತನಿಗೆ ಮುಖ್ಯವಾದದ್ದು ಅಳತೆ ಮತ್ತು ವೇಗ, ನೆಲವಲ್ಲ.

ನಮ್ಮ ಮತದಲ್ಲಿ ಪಥವು ಗಡಿಯಾರ ಹಿಡಿದು ವೇಗವನ್ನು ಪರೀಕ್ಷಿಸುವ ಸ್ಥಳ, ವಾರಕ್ಕೊಮ್ಮೆ ಸಾಕು. ಉಳಿದ ದಿನಗಳಿಗೆ ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯೂ ಇವೆ. ಅವುಗಳ ದಂಡೆಯ ದಾರಿಗೆ ಎಲ್ಲೆಲ್ಲಿ ಮೊರಂ ಬಿದ್ದಿದೆಯೋ ಅಲ್ಲಿ, ಬಿಸಿಲೇರುವ ಮುನ್ನ, ಓಡಿಸಿ ನೋಡಬೇಕು.